ಮೂರನೆಯ ಸಾಕ್ಷಿ: ಜಾಲದ ಗಡಿಯಾರಗಳ ದೋಷಪತ್ತೆಗೆ ಗೌರಿಬಿದನೂರಿನ ನೆರವು

ಗೌರಿಬಿದನೂರಿನ ಸುತ್ತಲ ಬಂಡೆನೆಲದಲ್ಲಿ 1960ರ ದಶಕದ ನಡುಭಾಗದಲ್ಲಿ ಇಪ್ಪತ್ತು ಭೂಕಂಪಮಾಪಕಗಳನ್ನು ನೆಲೆಗೊಳಿಸಲಾಯಿತು. ‘ಎಲ್’ ಅಕ್ಷರದಂತೆ ಎರಡು ತೋಳುಗಳು, ಒಂದೊಂದರಲ್ಲಿ ಹತ್ತು ಮಾಪಕಗಳು, ನೆರೆಹೊರೆಯ ಮಾಪಕಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರ್. ಭಾರತದ ಅಣುಶಕ್ತಿ ಇಲಾಖೆ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಯೋಗದಲ್ಲಿ ಕಟ್ಟಿದ ಈ ವ್ಯೂಹಕ್ಕೆ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮಂಗಾಗಳಲ್ಲಿ ಸೋದರ ವ್ಯೂಹಗಳಿವೆ. 1963ರ ಅಣುಪರೀಕ್ಷಾ ನಿಷೇಧ ಒಪ್ಪಂದ ನೆಲದಡಿಯ ಸ್ಫೋಟಗಳನ್ನು ಮುಟ್ಟಿರಲಿಲ್ಲ. ಅಂಥ ಸ್ಫೋಟದ ಕಂಪನವನ್ನು ಸಹಜ ಭೂಕಂಪದಿಂದ ಬೇರ್ಪಡಿಸಿ ಗುರುತಿಸುವುದು ಇವುಗಳ ಕೆಲಸ.

ದೂರದ ಕಂಪನ ಈ ಮಾಪಕಗಳನ್ನು ಒಂದಾದ ಮೇಲೊಂದರಂತೆ ತಟ್ಟುತ್ತದೆ. ನೆಲದ ಮೇಲೆ ಅದರ ತೋರಿಕೆಯ ವೇಗ ಸೆಕೆಂಡಿಗೆ 20 ಕಿಲೋಮೀಟರ್ ಎಂದಿಟ್ಟುಕೊಂಡರೆ, ತೋಳಿನ ನೇರಕ್ಕೆ ಬಂದ ಅಲೆ ಒಂದು ಮಾಪಕದಿಂದ ಮುಂದಿನದಕ್ಕೆ ತಲುಪಲು 125 ಮಿಲಿಸೆಕೆಂಡು ಸಾಕು. ಸ್ಫೋಟ ಯಾವ ದಿಕ್ಕಿನಲ್ಲಾಯಿತು ಎಂದು ಹೇಳುವುದು ಈ ಪುಟ್ಟ ಅಂತರವೇ. ಇಪ್ಪತ್ತು ಕಡೆ ಇಪ್ಪತ್ತು ಗಡಿಯಾರಗಳನ್ನಿಟ್ಟು, ಅವು ತಮ್ಮತಮ್ಮಲ್ಲೇ ನೂರು ಮಿಲಿಸೆಕೆಂಡು ಹಿಂದುಮುಂದಾಗಿದ್ದರೆ ಲೆಕ್ಕವೆಲ್ಲ ಕೆಡುತ್ತಿತ್ತು. ಹಾಗಾಗಿ ಎಲ್ಲ ಮಾಪಕಗಳ ಸಂಕೇತವನ್ನೂ ರೇಡಿಯೊ ಮೂಲಕ ಒಂದೇ ಕೇಂದ್ರಕ್ಕೆ ತಂದು, ಒಂದೇ ಗಡಿಯಾರದ ಸಮಯದೊಂದಿಗೆ ಕಾಂತೀಯ ಟೇಪಿನ ಮೇಲೆ ದಾಖಲಿಸಿದರು. ತೋಳಿನ ತುದಿಯಿಂದ ಕೇಂದ್ರಕ್ಕೆ ಬರಲು ರೇಡಿಯೊ ಅಲೆಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಹೊಂದಾಣಿಕೆಯ ಸಮಸ್ಯೆಯೇ ಹುಟ್ಟದಂತೆ ನೋಡಿಕೊಂಡ ಈ ವಿನ್ಯಾಸ ಅಪರೂಪದ ಜಾಣ್ಮೆಯದು.

ಇಂದಿನ ಕಂಪ್ಯೂಟರ್ ಜಾಲಕ್ಕೆ ಆ ಅನುಕೂಲವಿಲ್ಲ. ಪ್ರತಿ ಯಂತ್ರಕ್ಕೂ ತನ್ನದೇ ಸ್ಫಟಿಕ, ತನ್ನದೇ ನಡೆ. ಆದ್ದರಿಂದ ಎರಡು ಕಂಪ್ಯೂಟರುಗಳ ಸಮಯ ತಾಳೆಯಾಗದಿದ್ದಾಗ ಮೊದಲು ನೋಡಬೇಕಾದದ್ದು ವ್ಯತ್ಯಾಸದ ಗಾತ್ರವನ್ನು. ಕಾರಣ ಬಹುಮಟ್ಟಿಗೆ ಅದರಲ್ಲೇ ಅಡಗಿರುತ್ತದೆ. ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಗಡಿಯಾರ ಕೆಟ್ಟಿಲ್ಲ. ಒಂದು ಕಡೆ ಜಾಗತಿಕ ಸಮಯ, ಇನ್ನೊಂದು ಕಡೆ ಭಾರತೀಯ ಸಮಯ ಕೂತಿದೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕಿಕೊಂಡವರಿಗೆ ಇದು ಪರಿಚಿತ. ಪ್ರತಿ ಬಾರಿ ಕರೆಂಟು ಹೋಗಿ ಬಂದಾಗಲೂ ವರ್ಷಗಳಷ್ಟು ಹಿಂದೆ ಹೋದರೆ ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿದೆ. ಆಗ ಬ್ರೌಸರ್ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರವನ್ನೂ ನಂಬುವುದಿಲ್ಲ. 1024 ವಾರ ಹಿಂದೆ ಬಿದ್ದರೆ, ಅಂದರೆ ಹತ್ತೊಂಬತ್ತು ವರ್ಷಕ್ಕೂ ಹೆಚ್ಚು, ಅದು 2019ರ ಏಪ್ರಿಲ್ 6ರಂದು ಸೊನ್ನೆಗೆ ಮರಳಿದ ಜಿಪಿಎಸ್ ವಾರಗಣನೆಯನ್ನು ಅರಿಯದ ಹಳೆಯ ರಿಸೀವರಿನ ಕೆಲಸ. ದಿನಕ್ಕೆ ಒಂದು ಸೆಕೆಂಡಿನಷ್ಟು ಒಂದೇ ಸಮನೆ ಜಾರುತ್ತಿದ್ದರೆ ಸ್ಫಟಿಕವನ್ನು ಅನುಮಾನಿಸಬೇಕು. ಯಂತ್ರ ಆರಿಸಿಟ್ಟಾಗಲೂ ಸಮಯ ಎಣಿಸುವ 32,768 ಹರ್ಟ್ಸ್ ಸ್ಫಟಿಕ 25 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ನಡೆಯುತ್ತದೆ; ಬೇಸಿಗೆಯಲ್ಲಿ ಶೀಟು ಹೊದಿಸಿದ ಕೋಣೆಯೊಳಗೆ 45 ಡಿಗ್ರಿ ತಲುಪಿದರೆ ದಿನಕ್ಕೆ ಸೆಕೆಂಡಿಗಿಂತ ತುಸು ಹೆಚ್ಚೇ ನಿಧಾನವಾಗುತ್ತದೆ.

ಇವೆಲ್ಲ ಸುಲಭದ ಪ್ರಕರಣಗಳು. ಕಷ್ಟದ್ದು ಮಿಲಿಸೆಕೆಂಡುಗಳಲ್ಲಿದೆ.

ಡೇವಿಡ್ ಮಿಲ್ಸ್ 1985ರಲ್ಲಿ ಮೊದಲ ವಿವರಣೆ ಪ್ರಕಟಿಸಿ, ಮುಂದೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ, ಜಾಲದ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಪದ್ಧತಿಯಲ್ಲಿ ಕಂಪ್ಯೂಟರ್ ಸಮಯ ತಿಳಿಸುವ ಸರ್ವರಿಗೆ ಸಂದೇಶ ಕಳಿಸಿ ನಾಲ್ಕು ಸಮಯಗಳನ್ನು ಗುರುತಿಸಿಕೊಳ್ಳುತ್ತದೆ: ತಾನು ಕಳಿಸಿದ್ದು, ಅಲ್ಲಿ ತಲುಪಿದ್ದು, ಅಲ್ಲಿಂದ ಹೊರಟದ್ದು, ಇಲ್ಲಿಗೆ ಮರಳಿದ್ದು. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಹೊತ್ತು ಹಿಡಿಯಿತೆಂದು ಭಾವಿಸಿ ವ್ಯತ್ಯಾಸ ಲೆಕ್ಕಹಾಕುತ್ತದೆ. ಆ ಭಾವನೆಯಲ್ಲೇ ತೊಡಕಿದೆ. ಆಂಧ್ರದ ಗಡಿಗೆ ಹತ್ತಿರದ ನಗರಗೆರೆಯಂಥ ಹೋಬಳಿ ಊರಿನಲ್ಲಿ ಮೊಬೈಲ್ ಸಿಗ್ನಲನ್ನೇ ನಂಬಿದ ಕಂಪ್ಯೂಟರ್ ಒಂದಿದೆ ಎನ್ನೋಣ. ಅದರಿಂದ ಯಾರೋ ದೊಡ್ಡ ಕಡತಗಳನ್ನು ಮೇಲೇರಿಸುತ್ತಿದ್ದಾರೆ. ಸಮಯದ ಸಂದೇಶ ಹೋಗಲು 80 ಮಿಲಿಸೆಕೆಂಡು, ಬರಲು 20. ಎನ್‌ಟಿಪಿ ಎರಡನ್ನೂ 50 ಎಂದೆಣಿಸಿ ಗಡಿಯಾರವನ್ನು 30 ಮಿಲಿಸೆಕೆಂಡು ಮುಂದಕ್ಕೆ ತಳ್ಳುತ್ತದೆ. ತಳ್ಳಿದ ಮೇಲೆ ಪರದೆಯ ಮೇಲೆ ವ್ಯತ್ಯಾಸ ಸೊನ್ನೆ! ತಪ್ಪು ಪೂರ್ತಿಯಾದ ಮೇಲೆ ಎಲ್ಲವೂ ಸರಿಯಿದೆಯೆಂಬ ವರದಿ ಬರುತ್ತದೆ.

ಇದೇ ಸರ್ವರಿಗೆ ಎಷ್ಟು ಸಾರಿ ಕೇಳಿದರೂ ಈ ದೋಷ ಸಿಕ್ಕುವುದಿಲ್ಲ. ಇಬ್ಬರೇ ಮಾತಾಡಿಕೊಂಡು ದಾರಿಯ ಓರೆಯನ್ನು ಅಳೆಯಲಾಗದು. ಒಟ್ಟು ಪ್ರಯಾಣದ ಅರ್ಧಕ್ಕಿಂತ ತಪ್ಪು ಹೆಚ್ಚಿರದು ಎಂಬುದಷ್ಟೇ ಭರವಸೆ. ಹಾಗಾಗಿ ದೋಷ ಹುಡುಕುವವರು ಎನ್‌ಟಿಪಿ ವರದಿಯಲ್ಲಿ ವ್ಯತ್ಯಾಸ ತೋರಿಸುವ ‘ಆಫ್‌ಸೆಟ್’ ಅಂಕಣದಲ್ಲೇ ಕಣ್ಣು ನೆಡುವುದು ಸಲ್ಲದು. ಒಟ್ಟು ಪ್ರಯಾಣದ ಹೊತ್ತಾದ ‘ಡಿಲೇ’ ಹಗಲಿನ ದಟ್ಟಣೆಯೊಂದಿಗೆ ಏರುತ್ತದೆಯೇ, ಆಫ್‌ಸೆಟ್ ಅದರ ಜೊತೆಜೊತೆಗೇ ಹೊಯ್ದಾಡುತ್ತದೆಯೇ ಎಂದು ನೋಡಬೇಕು. ಹೊಯ್ದಾಡಿದರೆ ದೂರು ದಾರಿಯ ಮೇಲೆ, ಗಡಿಯಾರದ ಮೇಲಲ್ಲ. ‘ರೀಚ್’ ಅಂಕಣ ಕೊನೆಯ ಎಂಟು ಪ್ರಯತ್ನಗಳ ದಾಖಲೆ: 377 ಇದ್ದರೆ ಎಂಟಕ್ಕೂ ಉತ್ತರ ಬಂದಿದೆ, ಸೊನ್ನೆಯೇ ನಿಂತಿದ್ದರೆ ಫೈರ್‌ವಾಲ್ 123ನೇ ಪೋರ್ಟನ್ನು ಮುಚ್ಚಿರುವ ಸಂಭವ ಹೆಚ್ಚು. ಸರ್ವರ್ ಎರಡೇ ಇದ್ದು ಅವು ಒಂದನ್ನೊಂದು ಒಪ್ಪದಿದ್ದರೆ ಯಾರ ಮಾತು ನಿಜವೆಂದು ತೀರ್ಮಾನಿಸಲಾಗದು. ಮೂರಿದ್ದರೆ ಸುಳ್ಳಾಡುವುದು ಬಯಲಾಗುತ್ತದೆ. ನಾಲ್ಕಿದ್ದರೆ ಒಂದು ಮಲಗಿದರೂ ಚಿಂತೆಯಿಲ್ಲ. ಆದರೆ ನಾಲ್ಕಕ್ಕೂ ಹೋಗುವುದು ಅದೇ ಮೊಬೈಲ್ ಕೊಂಡಿಯ ಮೂಲಕವಾದರೆ ನಾಲ್ಕೂ ಒಂದೇ ತಪ್ಪನ್ನು ಒಮ್ಮತದಿಂದ ಹೇಳುತ್ತವೆ.

ಅಲ್ಲಿ ಬೇಕಾಗುವುದು ಜಾಲದ ಹೊರಗಿನ ಸಾಕ್ಷಿ. ಈ ಮಾತಿಗೂ ಗೌರಿಬಿದನೂರಿನಲ್ಲೇ ಉದಾಹರಣೆಯಿದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಇಲ್ಲಿ ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ ಸಾವಿರ ಡೈಪೋಲ್‌ಗಳು ‘ಟಿ’ ಆಕಾರದಲ್ಲಿ ನಿಂತು 34.5 ಮೆಗಾಹರ್ಟ್ಸ್ ಅಲೆಗೆ ಕಿವಿಗೊಟ್ಟಿದ್ದವು. ಆ ಅಲೆಯ ಒಂದು ಸುತ್ತಿಗೆ ಸುಮಾರು 29 ನ್ಯಾನೋಸೆಕೆಂಡು. ಕೇಬಲ್ಲುಗಳ ವಿಳಂಬ ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ ಗೊತ್ತಿರಬೇಕು. ಕೇಬಲ್ಲನ್ನು ಕೇಬಲ್ಲಿನಿಂದಲೇ ಪರೀಕ್ಷಿಸಿ ಸುಮ್ಮನಾಗದೆ, ಆಕಾಶದಲ್ಲಿ ಸ್ಥಾನ ಖಚಿತವಾಗಿ ಗೊತ್ತಿರುವ ಸಿಗ್ನಸ್ ಎ, ಟಾರಸ್ ಎಗಳಂಥ ಪ್ರಬಲ ಮೂಲಗಳನ್ನು ನೋಡಿ ವಿಳಂಬ ತಿದ್ದಿಕೊಳ್ಳುವುದು ರೇಡಿಯೊ ಖಗೋಳಶಾಸ್ತ್ರದ ರೂಢಿ.

ಕಂಪ್ಯೂಟರ್ ಜಾಲಕ್ಕೆ ಅಂಥ ಸಾಕ್ಷಿ ಉಪಗ್ರಹದಿಂದ ಸಮಯ ಪಡೆಯುವ ರಿಸೀವರ್. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ಸರ್ಕಾರಿ ಸಂಸ್ಥೆಗಳಿಗೂ ಕಂಪನಿಗಳಿಗೂ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಕೊಂಡಿ ಹಾಕಿಕೊಳ್ಳಬೇಕೆಂದು ವಿಧಿಸಿದೆ. ಅಪರಾಧ ತನಿಖೆಗೆ ದಾಖಲೆಗಳ ಅನುಕ್ರಮ ಬೇಕಾದ್ದರಿಂದ ಇದು ಸ್ವಾಗತಾರ್ಹ. ಆದರೂ ದೂರದ ಸರ್ವರಿನ ಸಮಯ ಎಷ್ಟೇ ಶುದ್ಧವಿದ್ದರೂ ನಡುವಿನ ದಾರಿ ಅದನ್ನು ಕೆಡಿಸಬಲ್ಲದು. ಜಿಲ್ಲೆಗೊಂದಾದರೂ ರಿಸೀವರ್ ಇದ್ದು, ಅದನ್ನು ಆಗಾಗ ತಾಲ್ಲೂಕು ಕಚೇರಿಗಳಿಗೇ ಒಯ್ದು ಅಲ್ಲಿನ ಯಂತ್ರಗಳನ್ನು ಅದರೊಂದಿಗೆ ಹೋಲಿಸಿದರೆ ಓರೆ ಎಷ್ಟೆಂದು ತಿಳಿದೀತು. ಆಂಟೆನಾ ತೆರೆದ ಆಕಾಶಕ್ಕೆ ಮುಖಮಾಡಿರಬೇಕು. ಕೆಳಗಿಳಿಯುವ ಕೇಬಲ್ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ತಿನ್ನುತ್ತದೆ. ಇಪ್ಪತ್ತು ಮೀಟರಿಗೆ ನೂರು. ದೂರದರ್ಶಕಕ್ಕೆ ಅದು ಮೂರು ಸುತ್ತಿಗೂ ಮೀರಿದ ತಪ್ಪು, ಕಚೇರಿಯ ದಾಖಲೆಗೆ ಲೆಕ್ಕಕ್ಕೇ ಬಾರದ್ದು.