ವ್ಯಾಯಾಮ ಶರೀರಕ್ರಿಯಾಶಾಸ್ತ್ರ ವೃತ್ತಿ: ಬಸವಕಲ್ಯಾಣ ಮತ್ತು ಹುಮನಾಬಾದ್

ಓಡುವಾಗ, ಭಾರ ಎತ್ತುವಾಗ, ಬಿಸಿಲಲ್ಲಿ ದುಡಿಯುವಾಗ ಹೃದಯ, ಶ್ವಾಸಕೋಶ, ಸ್ನಾಯುಗಳು ಹೇಗೆ ಕೆಲಸ ಮಾಡುತ್ತವೆ, ಅಭ್ಯಾಸದಿಂದ ಹೇಗೆ ಬದಲಾಗುತ್ತವೆ ಎಂಬುದರ ಅಧ್ಯಯನವೇ ವ್ಯಾಯಾಮ ಶರೀರಕ್ರಿಯಾಶಾಸ್ತ್ರ. ಈ ತಿಳಿವಳಿಕೆಯ ಆಧಾರದ ಮೇಲೆ ಆಟಗಾರರ ತರಬೇತಿಯನ್ನೂ ರೋಗಿಗಳ ವ್ಯಾಯಾಮವನ್ನೂ ಅಳೆದು ನಿಗದಿ ಮಾಡುವುದು ಇದರ ತಜ್ಞರ ಕೆಲಸ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಬೇಡಿಕೆ ಇದೆ, ಹುದ್ದೆ ಇಲ್ಲ.

ಬೇಡಿಕೆ ಎದ್ದು ಕಾಣುವುದು ಪೊಲೀಸ್ ಭರ್ತಿಯ ಕಾಲದಲ್ಲಿ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಿ ಮುಗಿಸಬೇಕು. 400 ಮೀಟರಿನ ಮೈದಾನದಲ್ಲಿ ಅದು ನಾಲ್ಕು ಸುತ್ತು, ಸುತ್ತಿಗೆ ಸುಮಾರು 97 ಸೆಕೆಂಡು. ಹುಮ್ಮಸ್ಸಿನಲ್ಲಿ ಮೊದಲ ಸುತ್ತನ್ನೇ 75 ಸೆಕೆಂಡಿಗೆ ಮುಗಿಸಿದ ಹುಡುಗನಿಗೆ ಮೂರನೆಯ ಸುತ್ತಿನಲ್ಲಿ ದಮ್ಮು ಹತ್ತುತ್ತದೆ, ತೊಡೆ ಭಾರವಾಗುತ್ತದೆ. ಇಷ್ಟು ದೂರದ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಆಮ್ಲಜನಕ ಬಳಸುವ ದಾರಿಯಿಂದಲೇ ಬರಬೇಕು. ಆರಂಭದಲ್ಲೇ ಅದರ ಮಿತಿ ಮೀರಿದರೆ ಸ್ನಾಯುಗಳಲ್ಲಿ ಆಮ್ಲೀಯತೆ ಏರಿ ವೇಗ ಬಿದ್ದುಹೋಗುತ್ತದೆ. ಒಂದು ಗಡಿಯಾರ, ನಾಡಿ ಎಣಿಕೆ, ತಿಂಗಳುಗಟ್ಟಲೆ ಹಂತಹಂತವಾಗಿ ಏರುವ ಅಭ್ಯಾಸ, ಇಷ್ಟರಲ್ಲೇ ಸರಿಪಡಿಸಬಹುದಾದ ದೋಷ ಇದು. ಈಗ ಈ ಹುಡುಗರಿಗೆ ಆಸರೆಯಾಗಿರುವವರು ಶಾಲೆಯ ದೈಹಿಕ ಶಿಕ್ಷಕರು, ಊರಿಗೆ ಮರಳಿದ ಮಾಜಿ ಸೈನಿಕರು. ತಾಲೀಮಿನ ಉಸ್ತಾದರಿಗೂ ದಂಡ-ಬೈಠಕ್ ಹೊಡೆಸುವ ಕ್ರಮ ಚೆನ್ನಾಗಿ ಗೊತ್ತು. ಅವರ ಅನುಭವ ದೊಡ್ಡದು. ಹೊಸ ವೃತ್ತಿ ಬಂದರೆ ಆ ಅನುಭವದ ಜೊತೆ ನಿಲ್ಲಬೇಕೇ ಹೊರತು ಅದನ್ನು ಪಕ್ಕಕ್ಕೆ ಸರಿಸಬಾರದು.

ಇನ್ನೊಂದು ಬೇಡಿಕೆ ದವಾಖಾನೆಯಲ್ಲಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ ಮಧುಮೇಹವಿದೆ. ಶುಗರ್, ಬಿಪಿ ಇದ್ದವರಿಗೆ ಸಿಗುವ ಸಲಹೆ ಬಹುತೇಕ ಒಂದೇ ಮಾತಿನದು: ವಾಕಿಂಗ್ ಮಾಡಿ. ಎಷ್ಟು, ಯಾವ ವೇಗದಲ್ಲಿ, ಯಾವಾಗ ನಿಲ್ಲಿಸಬೇಕು ಎಂಬುದು ಮಾತ್ರೆಯ ಪ್ರಮಾಣದಷ್ಟೇ ಮುಖ್ಯ. ಇನ್ಸುಲಿನ್ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಬಿರುಸಾಗಿ ನಡೆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಾಡಿ ಬೇಗ ಏರುವುದಿಲ್ಲವಾದ್ದರಿಂದ ನಾಡಿ ಎಣಿಸಿ ಶ್ರಮ ಅಳೆಯುವ ಲೆಕ್ಕ ತಪ್ಪುತ್ತದೆ. ನಡೆಯುತ್ತಾ ಮಾತಾಡಲು ಆಗುತ್ತದೆಯೇ ಎಂದು ನೋಡುವುದೇ ಅವರಿಗೆ ಮೇಲು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರ ಮಾರ್ಗಸೂಚಿ ಜಿಲ್ಲಾ ಕ್ಲಿನಿಕ್ಕಿಗೆ ಫಿಸಿಯೋಥೆರಪಿಸ್ಟರನ್ನು ಕೊಟ್ಟಿತು. ಅದಕ್ಕಿಂತ ಕೆಳಗಿನ ಕ್ಲಿನಿಕ್ಕುಗಳಲ್ಲಿ ವ್ಯಾಯಾಮದ ಮಾತು ಆಪ್ತಸಮಾಲೋಚಕರ ಪಾಲಿಗೆ ಬಂದಿತು. ಹೃದಯದ ಚಿಕಿತ್ಸೆಗೆ ಹುಮನಾಬಾದಿನವರು ಕಲಬುರಗಿಯ ಜಯದೇವ ಆಸ್ಪತ್ರೆಗೆ ಹೋಗಬಹುದು. 2017ರ ಅಕ್ಟೋಬರಿನಿಂದ ಬೀದರ್–ಕಲಬುರಗಿ ರೈಲೂ ಇದೆ. ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದ ಮೇಲೆ ಹೊಲದ ಕೆಲಸಕ್ಕೆ ಯಾವಾಗ, ಎಷ್ಟೆಷ್ಟು ಮರಳಬೇಕೆಂದು ಜೊತೆಗಿದ್ದು ನಡೆಸುವವರು ಬೇಕಾಗುವುದು ತಾಲ್ಲೂಕಿನಲ್ಲೇ.

ಜಗತ್ತಿನಲ್ಲಿ ಈ ವಿಜ್ಞಾನ ಹಳೆಯದು. ಸ್ನಾಯುಗಳ ಶಾಖೋತ್ಪತ್ತಿಯ ಸಂಶೋಧನೆಗಾಗಿ ಎ. ವಿ. ಹಿಲ್ 1922ರ ನೊಬೆಲ್ ಪಡೆದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಯಾಸ ಪ್ರಯೋಗಾಲಯ 1927ರಿಂದ 1947ರವರೆಗೆ ನಡೆಯಿತು. ವೃತ್ತಿಯಾಗಿ ಇದು ಗಟ್ಟಿಯಾದದ್ದು ಆಸ್ಟ್ರೇಲಿಯಾದಲ್ಲಿ: 2006ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಈ ತಜ್ಞರ ಸೇವೆಗೂ ಹಣ ಕೊಡತೊಡಗಿತು. ಭಾರತದಲ್ಲಿ ಇವರಿಗೆ ಕೆಲಸ ಸಿಗುವುದು ಮುಖ್ಯವಾಗಿ ಕ್ರೀಡಾ ಪ್ರಾಧಿಕಾರದ ಪಟಿಯಾಲ, ಬೆಂಗಳೂರಿನಂಥ ಕೇಂದ್ರಗಳಲ್ಲಿ. ಕರ್ನಾಟಕದೊಳಗೆ ಮಣಿಪಾಲದಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ವಿಭಾಗವಿದೆ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಹತ್ತು ವೃತ್ತಿವರ್ಗಗಳನ್ನು ಹೆಸರಿಸಿತು. ಫಿಸಿಯೋಥೆರಪಿಗೂ ಪೋಷಣಾ ವಿಜ್ಞಾನಕ್ಕೂ ಸ್ವಂತ ವರ್ಗ ಸಿಕ್ಕಿತು, ವ್ಯಾಯಾಮ ಶರೀರಕ್ರಿಯಾಶಾಸ್ತ್ರದ ಹೆಸರಿನಲ್ಲಿ ವರ್ಗವಾಗಲಿಲ್ಲ.

ಪದವಿ, ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯ ತರಬೇತಿ, ನೋಂದಣಿ, ಇವು ಯಾವ ಆರೋಗ್ಯ ವೃತ್ತಿಗೂ ಬೇಕು. ಈ ಎರಡು ಊರುಗಳ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಸರ್ಕಾರಿ ಹುದ್ದೆ. ತೊಗರಿ, ಕಬ್ಬಿನ ಆದಾಯ ನಂಬಿದ ಮನೆಗಳು ವ್ಯಾಯಾಮದ ಸಲಹೆಗೆ ಖಾಸಗಿ ಫೀಸು ಕೊಡುವುದು ಕಷ್ಟ, ಫೀಸಿಲ್ಲದೆ ಖಾಸಗಿ ಕ್ಲಿನಿಕ್ ನಿಲ್ಲುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಹುದ್ದೆ ‘ಸಿ’ ಗುಂಪಿನಲ್ಲಿ ಸೃಷ್ಟಿಯಾದರೆ ಸಂವಿಧಾನದ 371ಜೆ ವಿಧಿಯ ಅಡಿಯ ನಿಯಮದಂತೆ ಶೇಕಡ 80 ಸ್ಥಾನಗಳು ಕಲ್ಯಾಣ ಕರ್ನಾಟಕದವರಿಗೇ ಸಲ್ಲುತ್ತವೆ, ಬಸವಕಲ್ಯಾಣದ ಹುಡುಗಿಯೂ ಈ ಶಾಸ್ತ್ರ ಓದಿ ತನ್ನ ಊರಲ್ಲೇ ಕೆಲಸಕ್ಕೆ ಸೇರಬಹುದು.