ತರಂಗಂಬಾಡಿಯಿಂದ ಮದರಾಸಿಗೆ: ದಕ್ಷಿಣ ಭಾರತ ಸಭೆಯ ಐಕ್ಯದ ಇತಿಹಾಸ

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತಕ್ಕೆ ಬಂದ ಪ್ರಾಟೆಸ್ಟೆಂಟ್ ಮಿಶನ್‌ಗಳು, ಅಂದರೆ ಪೋಪರ ಅಧಿಕಾರವನ್ನು ಒಪ್ಪದ ಯುರೋಪ್ ಮತ್ತು ಅಮೆರಿಕದ ಸಭೆಗಳು ಧರ್ಮಪ್ರಚಾರಕ್ಕೆಂದು ಕಳುಹಿಸಿದ ಸಂಘಗಳು, ಒಂದೇ ಸುವಾರ್ತೆಯನ್ನು ಸಾರಿದರೂ ತಮ್ಮ ತಮ್ಮ ದೇಶದ ಸಭಾಪದ್ಧತಿಗಳನ್ನೂ ಹಳೆಯ ವಿವಾದಗಳನ್ನೂ ಜೊತೆಗೇ ತಂದವು. ಕನ್ನಡ ನಾಡಿನಲ್ಲಿ ಲಂಡನ್ ಮಿಶನ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಯೂರಿ ಮುಂದೆ ಬೆಂಗಳೂರಿಗೂ ಹಬ್ಬಿತು; ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿಗಳನ್ನು ತಲುಪಿತು; ವೆಸ್ಲಿಯನ್ ಮೆಥಡಿಸ್ಟರು ಮೈಸೂರು ಸಂಸ್ಥಾನವನ್ನು ತಮ್ಮ ಕಾರ್ಯಕ್ಷೇತ್ರವಾಗಿ ಮಾಡಿಕೊಂಡರು. ಪರಸ್ಪರ ಪೈಪೋಟಿ ಬೇಡವೆಂದು ಮಿಶನ್‌ಗಳು ಸೀಮೆಗಳನ್ನು ಹಂಚಿಕೊಂಡದ್ದರಿಂದ, ಒಬ್ಬ ವಿಶ್ವಾಸಿ ಮೆಥಡಿಸ್ಟನೋ ಬಾಸೆಲ್ ಸಭೆಯವನೋ ಎಂಬುದನ್ನು ಅವನ ಮನಸ್ಸಾಕ್ಷಿಗಿಂತ ಹೆಚ್ಚಾಗಿ ಅವನು ಹುಟ್ಟಿದ ಊರೇ ತೀರ್ಮಾನಿಸುತ್ತಿತ್ತು. ಇಂಗ್ಲೆಂಡಿನಲ್ಲಿಯೋ ಸ್ಕಾಟ್ಲೆಂಡಿನಲ್ಲಿಯೋ ರಾಜರೂ ಪಾದ್ರಿಗಳೂ ನಡೆಸಿದ ಜಗಳದ ಗಡಿಯನ್ನು, ಆ ಜಗಳದ ಹೆಸರನ್ನೂ ಕೇಳದ ಜನ ಇಲ್ಲಿ ಹೊರಬೇಕಾಯಿತು.

ಈ ಹೊರೆಯನ್ನು ಇಳಿಸುವ ಪ್ರಯತ್ನಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಆರಂಭವಾದವು. ಹಿರಿಯರ ಮಂಡಲಿಗಳಿಂದ ಆಳಲ್ಪಡುವ ಪ್ರೆಸ್ಬಿಟೇರಿಯನ್ ಸಭೆಗಳೂ, ಪ್ರತಿ ಸ್ಥಳೀಯ ಸಭೆಯೂ ಸ್ವತಂತ್ರವೆಂದು ನಂಬುವ ಕಾಂಗ್ರಿಗೇಶನಲ್ ಸಭೆಗಳೂ 1908ರಲ್ಲಿ ಕೂಡಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. ಎರಡು ವರ್ಷಗಳ ತರುವಾಯ, 1910ರಲ್ಲಿ, ಹಲವು ಮಿಶನ್‌ಗಳು ಒಟ್ಟಾಗಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜನ್ನು ಸ್ಥಾಪಿಸಿದವು. ಬೇರೆ ಬೇರೆ ಸಭೆಗಳ ಭಾವೀ ಸಭಾಪಾಲಕರು ಒಂದೇ ಮೇಜಿನಲ್ಲಿ ಉಂಡು, ಒಂದೇ ತರಗತಿಯಲ್ಲಿ ಕುಳಿತದ್ದು ಮುಂದಿನ ಐಕ್ಯಕ್ಕೆ ಯಾವ ನಿರ್ಣಯಕ್ಕೂ ಕಡಿಮೆಯಲ್ಲದ ಸಿದ್ಧತೆಯಾಯಿತು.

ನಿರ್ಣಾಯಕ ಹೆಜ್ಜೆಯನ್ನು ಇಟ್ಟವರು ಭಾರತೀಯರೇ. 1919ರ ಮೇ 1 ಮತ್ತು 2ರಂದು ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ, ಅಂದರೆ 1706ರಲ್ಲಿ ಭಾರತದ ಮೊದಲ ಪ್ರಾಟೆಸ್ಟೆಂಟ್ ಮಿಶನರಿಗಳು ಬಂದಿಳಿದ ಊರಿನಲ್ಲಿ, 33 ಮಂದಿ ಸಭಾಪಾಲಕರು ಸೇರಿದರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲರೂ ಈ ನೆಲದವರು. ಅವರ ಮುಂದಾಳು ದೋರ್ನಕಲ್ಲಿನ ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಇಂಗ್ಲೆಂಡಿನ ಸಭೆಯ ಪರಂಪರೆಯಲ್ಲಿ, 1912ರಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯರು. ತಮ್ಮನ್ನು ಬೇರ್ಪಡಿಸಿದ ಗೋಡೆಗಳನ್ನು ತಾವು ಕಟ್ಟಿದ್ದಲ್ಲ, ಒಡೆದುಕೊಂಡಿರುವ ಸಭೆ ಸುವಾರ್ತೆಯನ್ನು ಸಾರಲು ಶಕ್ತವಾಗದು ಎಂಬುದು ಅಲ್ಲಿ ಸೇರಿದ ಪಾಲಕರ ಘೋಷಣೆಯ ತಿರುಳಾಗಿತ್ತು.

ಆದರೆ ಘೋಷಣೆಯಿಂದ ಐಕ್ಯಕ್ಕೆ 28 ವರ್ಷಗಳು ಹಿಡಿದವು, ಮತ್ತು ಆ ವಿಳಂಬದ ಮೂಲ ಬಿಷಪ್ ಪದವಿಯ ಪ್ರಶ್ನೆಯಲ್ಲಿತ್ತು. ಯೇಸುವಿನ ಶಿಷ್ಯರಾದ ಅಪೊಸ್ತಲರ ಕಾಲದಿಂದ ಹಸ್ತಾರ್ಪಣೆಯ ಮೂಲಕ, ಅಂದರೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಅಧಿಕಾರವನ್ನು ವಹಿಸಿಕೊಡುವ ಕ್ರಮದಿಂದ, ಬಿಷಪರ ಸಾಲು ಕಡಿಯದೆ ಬಂದಿದೆಯೆಂದೂ, ಅವರಿಂದ ಅಭಿಷೇಕ ಪಡೆದವರು ಮಾತ್ರ ಕರ್ತನ ಭೋಜನದ ಸಂಸ್ಕಾರವನ್ನು ನಡೆಸಬಹುದೆಂದೂ ಆಂಗ್ಲಿಕನ್ನರು ನಂಬಿದ್ದರು. ಮೆಥಡಿಸ್ಟ್ ಹಾಗೂ ಸಂಯುಕ್ತ ಸಭೆಗಳ ಪಾಲಕರಾದರೋ, ಮತ್ತೊಮ್ಮೆ ಅಭಿಷೇಕ ಪಡೆಯುವುದೆಂದರೆ ತಮ್ಮ ಹಿಂದಿನ ಸೇವೆಯನ್ನೇ ಅಲ್ಲಗಳೆದಂತೆ ಎಂದು ಭಾವಿಸಿದ್ದರು. ಮೆಥಡಿಸ್ಟರು 1925ರಲ್ಲಿ ಮಾತುಕತೆಗೆ ಸೇರಿದರು, ಐಕ್ಯದ ಯೋಜನೆ 1929ರಲ್ಲಿ ಪ್ರಕಟವಾಯಿತು, ಆ ಮೇಲೂ ತಿದ್ದುಪಡಿಗಳು ನಡೆದೇ ಇದ್ದವು. ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು: ಬಿಷಪ್ ಪದವಿ ಉಳಿಯುವುದು, ಆದರೆ ಬಿಷಪರು ಚುನಾಯಿತರಾಗಿ ಸಭೆಯ ಸಂವಿಧಾನಕ್ಕೆ ಬದ್ಧರಾಗಿರುವರು, ಇನ್ನು ಮುಂದಿನ ಅಭಿಷೇಕಗಳೆಲ್ಲ ಬಿಷಪರಿಂದಲೇ ನಡೆಯುವುವು, ಆದರೆ ಈಗಾಗಲೇ ಸೇವೆಯಲ್ಲಿರುವ ಯಾರಿಗೂ ಮರು ಅಭಿಷೇಕವಿರುವುದಿಲ್ಲ, ಯಾವ ಸ್ಥಳೀಯ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾಲಕನನ್ನು ಹೇರಲಾಗದು. ಎರಡು ಬಗೆಯ ಅಭಿಷೇಕಗಳು ಒಂದು ತಲೆಮಾರಿನಷ್ಟು ಕಾಲ ಜೊತೆಯಲ್ಲಿ ಬಾಳುವುದನ್ನು ಸಹಿಸಿಕೊಂಡ ಈ ಏರ್ಪಾಡನ್ನು ಕೆಲವರು ದೌರ್ಬಲ್ಯವೆಂದು ಟೀಕಿಸಿದರು. ವಾಸ್ತವವಾಗಿ ಅದರ ಬಲವೇ ಅಲ್ಲಿತ್ತು: ಎಲ್ಲವನ್ನೂ ಒಪ್ಪಿಕೊಂಡ ಬಳಿಕ ಒಂದಾಗುವುದಲ್ಲ, ಒಂದಾದ ಬಳಿಕ ಕೂಡಿ ಬೆಳೆಯುತ್ತ ಒಪ್ಪಿಗೆಯನ್ನು ಕಾಣುವುದು ಎಂಬ ನಂಬಿಕೆಯನ್ನು ಅದು ಆಚರಣೆಗೆ ತಂದಿತು.

ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ಐಕ್ಯವನ್ನು ಅವರು ಕಣ್ಣಾರೆ ಕಾಣಲಿಲ್ಲ. ದೇಶ ಸ್ವತಂತ್ರವಾದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಸುಮಾರು ಹತ್ತು ಲಕ್ಷ ವಿಶ್ವಾಸಿಗಳ ದಕ್ಷಿಣ ಭಾರತ ಸಭೆ ಉದಯಿಸಿತು. ಬಿಷಪರಿರುವ ಸಭೆಯೂ ಬಿಷಪರಿಲ್ಲದ ಸಭೆಗಳೂ ಹೀಗೆ ಪೂರ್ಣವಾಗಿ ಬೆರೆತುದನ್ನು ಸುಧಾರಣೆಯ ಕಾಲದಿಂದೀಚೆಗೆ, ಅಂದರೆ ಪ್ರಾಟೆಸ್ಟೆಂಟರು ಪೋಪರ ಸಭೆಯಿಂದ ಬೇರೆಯಾದಂದಿನಿಂದ, ಜಗತ್ತು ಕಂಡಿರಲಿಲ್ಲ. ಅಂದು ಅಭಿಷಿಕ್ತರಾದ ಒಂಬತ್ತು ಹೊಸ ಬಿಷಪರಲ್ಲಿ ಮೈಸೂರು ಸಭಾಪ್ರಾಂತಕ್ಕೆ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಸೀಮೆಗೆ, ನೇಮಕವಾದ ಮೆಥಡಿಸ್ಟ್ ಪಾಲಕ ಪಿ. ಗುರುಶಾಂತರೂ ಇದ್ದರು.

ಐಕ್ಯ ಎಲ್ಲರನ್ನೂ ಒಳಗೊಳ್ಳಲಿಲ್ಲ. ಪ್ರಾಟೆಸ್ಟೆಂಟರಲ್ಲೇ ಲುಥರನ್ನರೂ ಬ್ಯಾಪ್ಟಿಸ್ಟರೂ ಹೊರಗುಳಿದರು. ನಂದ್ಯಾಲ ಸೀಮೆಯ ಆಂಗ್ಲಿಕನ್ನರಲ್ಲಿ ಅನೇಕರು ಸೇರಲೊಪ್ಪದೆ ದಶಕಗಳ ಕಾಲ ಪ್ರತ್ಯೇಕವಾಗಿಯೇ ಇದ್ದರು. ಇದಕ್ಕಿಂತ ಗಂಭೀರವಾದ ಕೊರತೆಯೆಂದರೆ ಜಾತಿಯದು. ಕಡಲಾಚೆಯಿಂದ ಬಂದ ಭೇದಗಳನ್ನು ಸಂಧಾನದಿಂದ ಅಳಿಸಿದ ಸಭೆಗಳು, ಊರೊಳಗೇ ಬೇರುಬಿಟ್ಟ ಭೇದವನ್ನು ಅಷ್ಟೇ ಶ್ರದ್ಧೆಯಿಂದ ಎದುರಿಸಲಿಲ್ಲ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಯನ್ನು ಹಂಚಿಕೊಂಡವರ ನಡುವೆ ಮದುವೆಯ ಮಾತು ಬಂದಾಗ ಹಳೆಯ ಎಲ್ಲೆಗಳು ಮತ್ತೆ ತಲೆಯೆತ್ತಿದವು, ಮತ್ತು ಬಿಷಪರ ಚುನಾವಣೆಗಳಲ್ಲಿಯೂ ಅವು ಕಾಣಿಸಿಕೊಂಡವು.

ಕನ್ನಡ ನಾಡಿನಲ್ಲಿ ಐಕ್ಯದ ಕೆಲಸ 1947ಕ್ಕೆ ನಿಲ್ಲಲಿಲ್ಲ. ಬಾಸೆಲ್ ಮಿಶನ್ನಿನವರು 1847ರಲ್ಲಿ ಮಂಗಳೂರಿನಲ್ಲಿ ತೆರೆದಿದ್ದ ಧರ್ಮಶಾಸ್ತ್ರದ ಶಾಲೆಯೂ ತುಮಕೂರಿನ ಸಂಯುಕ್ತ ಕನ್ನಡ ಸೆಮಿನರಿಯೂ 1965ರಲ್ಲಿ ಸೇರಿ, ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ರೂಪುಗೊಂಡಿತು. ಕರಾವಳಿ, ಮಲೆನಾಡು, ಬಯಲುಸೀಮೆಗಳ ಸಭಾಪಾಲಕರು ಅಂದಿನಿಂದ ಅಲ್ಲಿ ಕನ್ನಡದಲ್ಲಿಯೇ ತರಬೇತಿ ಪಡೆಯುತ್ತ ಬಂದಿದ್ದಾರೆ.