ಗುರುವಾರ ರಾತ್ರಿಯ ದನಿ
ಫೆಬ್ರವರಿ 18, 1979. ಹಿಮಪಾತದಿಂದ ಅಮೆರಿಕದ ಪೂರ್ವಭಾಗದ ಬಹಳಷ್ಟು ಜನ ಮನೆಯಲ್ಲೇ ಉಳಿದಿದ್ದರು. ಅಂದು ಸಿಬಿಎಸ್ ವಾಹಿನಿ ಡೇಟೋನಾ 500 ಕಾರ್ ರೇಸನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೇರಪ್ರಸಾರ ಮಾಡಿತು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಡಾನಿ ಆಲಿಸನ್, ಕೇಲ್ ಯಾರ್ಬರೊ ಪರಸ್ಪರ ಡಿಕ್ಕಿಯಾದರು. ರಿಚರ್ಡ್ ಪೆಟ್ಟಿ ಗೆದ್ದರು. ಅತ್ತ ಹುಲ್ಲಿನ ಮೇಲೆ ಕೈಕೈ ಮಿಲಾಯಿಸಿತ್ತು. ಇದನ್ನೆಲ್ಲ ನೋಡುಗರಿಗೆ ಬಣ್ಣಿಸಿದವರು ಕೆನ್ ಸ್ಕ್ವಯರ್.

ನಾಸ್ಕಾರ್ ದೇಶದ ಆಟವಾಗಲು ಹಿಮ ಮತ್ತು ಹೊಡೆದಾಟ ಕಾರಣವೆನ್ನುವುದು ವಾಡಿಕೆ. ನಾನು 1960ನ್ನೂ ಸೇರಿಸುತ್ತೇನೆ. ವರ್ಮಾಂಟ್‌ನ ಬ್ಯಾರಿಯಲ್ಲಿ ಥಂಡರ್ ರೋಡ್ ಟ್ರ್ಯಾಕ್ ಕಟ್ಟಿದವರಲ್ಲಿ ಸ್ಕ್ವಯರ್ ಒಬ್ಬರು. ಅಲ್ಲಿ ಗುರುವಾರ ರಾತ್ರಿ ರೇಸ್; ಗ್ರಾನೈಟ್ ಕಾರ್ಮಿಕರ ಸಂಬಳದ ದಿನ ಅದೇ. ದುಡಿಯುವವರನ್ನು ನಾಯಕರಾಗಿ ಕಾಣುವ ಕಣ್ಣು ಅಲ್ಲಿ ಪಳಗಿತು, ಡೇಟೋನಾದಲ್ಲಿ ಮಾತಾಯಿತು. ಸ್ಕ್ವಯರ್ 2023ರಲ್ಲಿ ತೀರಿಕೊಂಡರು. ಗೆದ್ದವರ ಪಟ್ಟಿ ಎಲ್ಲಾದರೂ ಸಿಗುತ್ತದೆ. ಓಡಿದವರು ಯಾರೆಂದು ತಿಳಿಯಲು ಇಂಥ ದನಿಗಳನ್ನೇ ಕೇಳಬೇಕು.